ಶಂಕರಾಭರಣಕ್ಕೆ ‘ಧೀರ’ ಸೇರಿದ್ದೇಕೆ?

ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗಗಳ ಪಟ್ಟಿಯನ್ನು ಮೊದಲ ಸಲ ನೋಡುವವರಿಗೆ ಕೆಲವು ಹೆಸರುಗಳು ಸ್ವಲ್ಪ ಅಪರಿಚಿತವಾಗಿ ಕಾಣುತ್ತವೆ. ಕಛೇರಿಯಲ್ಲಿ ಎಲ್ಲರೂ ಶಂಕರಾಭರಣ ಎನ್ನುವ ರಾಗ ಅಲ್ಲಿ ಧೀರಶಂಕರಾಭರಣ. ಕಲ್ಯಾಣಿ ಅಲ್ಲಿ ಮೇಚಕಲ್ಯಾಣಿ, ತೋಡಿ ಹನುಮತೋಡಿ. ಈ ಧೀರ, ಮೇಚ, ಹನುಮಗಳಿಗೂ ರಾಗದ ಭಾವಕ್ಕೂ ಯಾವ ನಂಟೂ ಇಲ್ಲ. ಅವನ್ನು ಮುಂದೆ ಸೇರಿಸಿದ್ದು ಒಂದು ಗಣಿತದ ತೊಡಕನ್ನು ಬಿಡಿಸಲು. ಅದೇ ತೊಡಕು ದ್ವಿತೀಯ ಪಿಯುಸಿ ಗಣಿತದ ಮೊದಲ ಅಧ್ಯಾಯದಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತದೆ: ಈ ಫಂಕ್ಷನ್ ಒನ್-ಒನ್ ಎಂದು ಸಾಧಿಸಿ, ಆನ್‌ಟು ಎಂದು ಸಾಧಿಸಿ, ಇನ್ವರ್ಸ್ ಕಂಡುಹಿಡಿಯಿರಿ.

ಆ ಅಧ್ಯಾಯವನ್ನು ನಾಲ್ಕು ಸಾಲಿನ ಸಿದ್ಧ ಉತ್ತರವಾಗಿ ಬಾಯಿಪಾಠ ಮಾಡಿ ದಾಟಿಬಿಡುವ ಮಕ್ಕಳೇ ಹೆಚ್ಚು. ಅಂಕ ಸಿಗುತ್ತದೆ, ಹೊಳೆಯಬೇಕಾದದ್ದು ಹೊಳೆಯುವುದಿಲ್ಲ. ಹೋದ ದಾರಿಯಲ್ಲಿ ತಪ್ಪದೆ ಹಿಂದಿರುಗಬಹುದೇ ಎಂಬ ಪ್ರಶ್ನೆಯೇ ಅಲ್ಲಿಯ ಜೀವಾಳ. ಅದಕ್ಕೆ ಉತ್ತರ ಸೂತ್ರದೊಳಗೆ ಮಾತ್ರ ಇರುವುದಿಲ್ಲ. ಎಲ್ಲಿಂದ ಹೊರಟೆವು, ಎಲ್ಲಿಗೆ ತಲುಪುತ್ತೇವೆಂದು ಹೇಳಿಕೊಂಡೆವು ಎಂಬುದರಲ್ಲಿಯೂ ಇರುತ್ತದೆ. ಇದನ್ನು ನಮ್ಮ ಸಂಗೀತಶಾಸ್ತ್ರದ 72 ಮೇಳಗಳಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಹೆಸರಿನೊಳಗಿನ ಸಂಖ್ಯೆ

ಫಂಕ್ಷನ್ ಎಂದರೆ ಒಂದು ಗಣದ ಪ್ರತಿಯೊಂದು ಸದಸ್ಯಕ್ಕೂ ಇನ್ನೊಂದು ಗಣದ ಒಂದೇ ಒಂದು ಸದಸ್ಯವನ್ನು ಗೊತ್ತುಮಾಡುವುದು. ಹೊರಡುವ ಗಣ ಡೊಮೈನ್, ತಲುಪಬೇಕಾದ ಗಣ ಕೋಡೊಮೈನ್. ಕಟಪಯಾದಿ ಪದ್ಧತಿ ಇಂಥದೊಂದು ಫಂಕ್ಷನ್. ಅಕ್ಷರಗಳಿಂದ ಹೊರಟು ಅಂಕೆಗಳನ್ನು ತಲುಪುತ್ತದೆ. ಏಳನೆಯ ಶತಮಾನದ ಹರಿದತ್ತನ ಖಗೋಳ ಗ್ರಂಥದಲ್ಲಿ ಅದರ ಬಳಕೆಯಿದೆ. ಕೇರಳದ ಗಣಿತಜ್ಞರು ತಮ್ಮ ಕೋಷ್ಟಕಗಳನ್ನೇ ಅದರಲ್ಲಿ ಶ್ಲೋಕಗಳಾಗಿ ಕಟ್ಟಿದರು.

ನಿಯಮ ಹೀಗೆ. ಕ-ದಿಂದ ಞ-ವರೆಗಿನ ಹತ್ತು ವ್ಯಂಜನಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ 0. ಟ-ದಿಂದ ನ-ವರೆಗೆ ಮತ್ತೆ ಅದೇ. ಪ-ದಿಂದ ಮ-ವರೆಗೆ 1ರಿಂದ 5. ಯ, ರ, ಲ, ವ, ಶ, ಷ, ಸ, ಹ ಇವಕ್ಕೆ 1ರಿಂದ 8. ಕ, ಟ, ಪ, ಯ ನಾಲ್ಕೂ 1 ಆಗುವುದರಿಂದಲೇ ಪದ್ಧತಿಗೆ ಆ ಹೆಸರು. ವ್ಯಂಜನಕ್ಕೆ ಸೇರಿದ ಸ್ವರ ಲೆಕ್ಕಕ್ಕಿಲ್ಲ. ಕ, ಕಿ, ಕೋ ಎಲ್ಲವೂ 1. ಬಂದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮೇಳದ ಹೆಸರಿನ ಮೊದಲ ಎರಡು ಅಕ್ಷರ ಹಿಡಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮಾ 5, ಯಾ 1, ತಿರುಗಿಸಿದರೆ 15. ಖರಹರಪ್ರಿಯದಲ್ಲಿ ಖ 2, ರ 2. ಅದು 22ನೆಯ ಮೇಳ.

ಈಗ ಬರಿಯ ‘ಶಂಕರಾಭರಣ’ವನ್ನು ಲೆಕ್ಕಕ್ಕೆ ಹಾಕಿ. ಶಂ 5, ಕ 1, ತಿರುಗಿಸಿದರೆ 15. ಆ ಜಾಗದಲ್ಲಿ ಆಗಲೇ ಮಾಯಾಮಾಳವಗೌಳ ಕುಳಿತಿದೆ. ಬರಿಯ ‘ಕಲ್ಯಾಣಿ’ಯಲ್ಲಿ ಕ 1, ಲ್ಯಾ-ದ ಯ 1, 11 ಆಗುತ್ತದೆ, ಅದು ಕೋಕಿಲಪ್ರಿಯದ ಸಂಖ್ಯೆ. ‘ತೋಡಿ’ 36 ಕೊಟ್ಟು ಚಲನಾಟಕ್ಕೆ ಡಿಕ್ಕಿ ಹೊಡೆಯುತ್ತದೆ. ‘ಭೈರವಿ’ 24 ಆಗಿ ವರುಣಪ್ರಿಯದ ಮೇಲೆ ಬೀಳುತ್ತದೆ. ಧೀರ ಸೇರಿದಾಗ ಧೀ 9, ರ 2, 29. ಮೇಚ ಸೇರಿದಾಗ 65. ಹನುಮ ಸೇರಿದಾಗ 08. ಭೈರವಿಗೆ ನಠ ಸೇರಿ ನಠಭೈರವಿಯಾದಾಗ 20. ಪ್ರಸಿದ್ಧವಾಗಿದ್ದ ರಾಗನಾಮಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಎರಡು ರಾಗಗಳಿಗೆ ಒಂದೇ ಸಂಖ್ಯೆ ಬರಲೂ ಕೂಡದು. ಹೀಗೆ ಹೆಸರಿಗೆ ಎರಡು-ಮೂರು ಅಕ್ಷರದ ಕಿರೀಟ ಇಟ್ಟರು.

ಗಣಿತದ ಮಾತಿನಲ್ಲಿ ಹೇಳಿದರೆ, ಹೆಸರಿನಿಂದ ಸಂಖ್ಯೆಗೆ ಹೋಗುವ ಫಂಕ್ಷನ್ ಒನ್-ಒನ್ ಆಗುವಂತೆ ಡೊಮೈನನ್ನೇ ತಿದ್ದಿದರು. ನಿಯಮ ಬದಲಾಗಲಿಲ್ಲ, ಹೆಸರುಗಳು ಬದಲಾದವು.

ಕಟಪಯಾದಿ ತಾನಾಗಿ ಒನ್-ಒನ್ ಅಲ್ಲ ಎಂಬುದನ್ನು ಗಮನಿಸಬೇಕು. 33 ವ್ಯಂಜನಗಳು 10 ಅಂಕೆಗಳಿಗೆ ಹೋಗುತ್ತವೆ, ಡಿಕ್ಕಿ ತಪ್ಪದು. ಆದರೆ ಅದು ಆನ್‌ಟು. ಯಾವ ಅಂಕೆಯೂ ಅಕ್ಷರವಿಲ್ಲದೆ ಉಳಿಯುವುದಿಲ್ಲ. ಇದು ಪದ್ಧತಿಯ ದೋಷವಲ್ಲ, ಅದರ ಜಾಣತನ. 1ಕ್ಕೆ ನಾಲ್ಕು ವ್ಯಂಜನ, ಅದಕ್ಕೆ ಯಾವ ಸ್ವರವಾದರೂ ಸೇರಬಹುದು ಎಂದಾದಾಗಲೇ ಕವಿಗೆ ಛಂದಸ್ಸಿಗೆ ಹೊಂದುವ, ಅರ್ಥವೂ ಇರುವ ಶಬ್ದ ಸಿಕ್ಕೀತು. ಶಬ್ದದಿಂದ ಸಂಖ್ಯೆಗೆ ಬರುವಾಗ ಗೊಂದಲವಿಲ್ಲ, ಸಂಖ್ಯೆಯಿಂದ ಶಬ್ದಕ್ಕೆ ಹೋಗುವಾಗ ಆಯ್ಕೆಯ ಸ್ವಾತಂತ್ರ್ಯ.

ಸಾಧಿಸುವುದು ಎಂದರೇನು?

ಒನ್-ಒನ್ ಎಂದರೆ ಡಿಕ್ಕಿಯಿಲ್ಲ ಎಂಬ ಮಾತು. ಆನ್‌ಟು ಎಂದರೆ ಖಾಲಿ ಜಾಗವಿಲ್ಲ ಎಂಬ ಮಾತು. ಎರಡೂ ಬೇರೆ ಬೇರೆ, ಎರಡನ್ನೂ ಬೇರೆ ಬೇರೆಯಾಗಿಯೇ ಸಾಧಿಸಬೇಕು. ಎರಡೂ ನಿಜವಾದಾಗ ಮಾತ್ರ ಇನ್ವರ್ಸ್, ಅಂದರೆ ಹಿಂದಿರುಗುವ ಫಂಕ್ಷನ್, ಇರುತ್ತದೆ. ಡಿಕ್ಕಿಯಾದ ಜಾಗದಿಂದ ಹಿಂದಿರುಗಲು ಹೊರಟರೆ ಯಾವ ಕಡೆ ಹೋಗಬೇಕೆಂದು ತಿಳಿಯದು. ಖಾಲಿ ಜಾಗದಿಂದ ಹಿಂದಿರುಗಲು ದಾರಿಯೇ ಇರದು.

ಪರೀಕ್ಷೆಗೆ ಓದುವವರಿಗೆ ಚಿರಪರಿಚಿತವಾದ ಉದಾಹರಣೆ ತೆಗೆದುಕೊಳ್ಳೋಣ. ಅ ಎಂಬ ಸಂಖ್ಯೆ ಕೊಟ್ಟರೆ 4ಅ + 3 ಎಂದು ಉತ್ತರ ಕೊಡುವ ಫಂಕ್ಷನ್ ಇದೆ. ವಾಸ್ತವ ಸಂಖ್ಯೆಗಳಿಂದ ವಾಸ್ತವ ಸಂಖ್ಯೆಗಳಿಗೆ ಅದು ಒನ್-ಒನ್ ಎಂದು ತೋರಿಸಬೇಕು. ಅ, ಇ ಎಂಬ ಎರಡು ಸಂಖ್ಯೆಗಳು ಒಂದೇ ಉತ್ತರ ಕೊಟ್ಟವು ಎಂದು ಇಟ್ಟುಕೊಳ್ಳಿ: 4ಅ + 3 = 4ಇ + 3. ಎರಡೂ ಕಡೆಯಿಂದ 3 ಕಳೆದು 4ರಿಂದ ಭಾಗಿಸಿದರೆ ಅ = ಇ. ಅಂದರೆ ಉತ್ತರ ಒಂದೇ ಆಗಿದ್ದರೆ ಹೊರಟದ್ದೂ ಒಂದೇ ಆಗಿತ್ತು. ಸಾಧನೆ ಮುಗಿಯಿತು.

ಇದೇ ಮಾತನ್ನು ತಲೆಕೆಳಗಾಗಿ ಬರೆಯುವ ಉತ್ತರಪತ್ರಿಕೆಗಳು ಕಡಿಮೆಯಿಲ್ಲ. ‘ಅ = ಇ ಆಗಿರಲಿ; ಆಗ 4ಅ + 3 = 4ಇ + 3; ಆದ್ದರಿಂದ ಒನ್-ಒನ್’ ಎಂದು ಬರೆದಿರುತ್ತಾರೆ. ಪ್ರತಿ ಸಾಲೂ ನಿಜ, ಆದರೂ ಏನೂ ಸಾಧಿಸಿದಂತಾಗಲಿಲ್ಲ. ಒಂದೇ ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಬರುತ್ತದೆ ಎಂಬುದು ಪ್ರತಿಯೊಂದು ಫಂಕ್ಷನ್‌ಗೂ ಇರಲೇಬೇಕಾದ ಗುಣ. ವರ್ಗ ಮಾಡುವ ಫಂಕ್ಷನ್‌ಗೂ ಅದಿದೆ, ಆದರೆ ಅದು 2 ಮತ್ತು −2 ಎರಡನ್ನೂ 4ಕ್ಕೇ ಕಳಿಸುತ್ತದೆ. ಒನ್-ಒನ್ ಸಾಧನೆ ಉತ್ತರದಿಂದ ಹೊರಟು ಮೂಲದ ಕಡೆಗೆ ನಡೆಯಬೇಕು. ಆ ದಿಕ್ಕು ತಪ್ಪಿದರೆ ಎಲ್ಲ ತಪ್ಪಿದಂತೆ. ಕೆಲವು ಸಂಖ್ಯೆಗಳನ್ನು ಹಾಕಿ ನೋಡಿ, ಡಿಕ್ಕಿ ಕಾಣಲಿಲ್ಲ ಎಂದು ಬರೆಯುವುದೂ ಸಾಲದು. ಕಾಣದ ಸಂಖ್ಯೆಗಳು ಅಸಂಖ್ಯ ಉಳಿದಿರುತ್ತವೆ. ಒನ್-ಒನ್ ಅಲ್ಲ ಎಂದು ಹೇಳಬೇಕಾದಾಗ ಮಾತ್ರ ಒಂದೇ ಡಿಕ್ಕಿ ಸಾಕು.

ಆನ್‌ಟು ಸಾಧನೆ ಇದಕ್ಕಿಂತ ನಾಜೂಕು. ಕೋಡೊಮೈನಿನಿಂದ ಯಾವುದಾದರೂ ಉ ಎಂಬ ಸಂಖ್ಯೆಯನ್ನು ಎದುರಾಳಿ ಆರಿಸಿ ಕೊಟ್ಟ ಎಂದುಕೊಳ್ಳಿ. ಅದಕ್ಕೆ ತಲುಪುವ ಅ ಒಂದನ್ನು ನಾವು ತೋರಿಸಬೇಕು. ಕರಡಿನಲ್ಲಿ ಲೆಕ್ಕ ಮಾಡಿದರೆ ಅ = (ಉ − 3)/4 ಸಿಗುತ್ತದೆ. ಬಹಳ ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಎರಡು ಮಾತು ಬಾಕಿ ಇವೆ. ಈ ಅ ನಿಜಕ್ಕೂ ಡೊಮೈನಿನೊಳಗಿದೆಯೇ? ಅದನ್ನು ಹಾಕಿದರೆ ಉ ಬರುತ್ತದೆಯೇ? ವಾಸ್ತವ ಸಂಖ್ಯೆಗಳಲ್ಲಿ ಎರಡಕ್ಕೂ ಹೌದು. ಇದೇ ಸೂತ್ರವನ್ನು ಸ್ವಾಭಾವಿಕ ಸಂಖ್ಯೆಗಳಿಂದ ಸ್ವಾಭಾವಿಕ ಸಂಖ್ಯೆಗಳಿಗೆ ಎಂದು ಕೊಟ್ಟರೆ, ಉ = 4 ಎಂದಾಗ ಅ = 1/4. ಅದು ಸ್ವಾಭಾವಿಕ ಸಂಖ್ಯೆಯಲ್ಲ, ಫಂಕ್ಷನ್ ಆನ್‌ಟು ಅಲ್ಲ, ಇನ್ವರ್ಸ್ ಇಲ್ಲ. ಸೂತ್ರದ ಒಂದು ಚಿಹ್ನೆಯೂ ಬದಲಾಗಿಲ್ಲ, ಗಣಗಳು ಬದಲಾದವು. ಆದ್ದರಿಂದಲೇ ‘4ಅ + 3ಕ್ಕೆ ಇನ್ವರ್ಸ್ ಇದೆಯೇ?’ ಎಂದು ಯಾರಾದರೂ ಕೇಳಿದರೆ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಮರುಪ್ರಶ್ನೆ ಹಾಕಬೇಕು. ವರ್ಗಫಂಕ್ಷನ್ನಿಗೂ ಹೀಗೆಯೇ. ಸೊನ್ನೆ ಮತ್ತು ಧನಸಂಖ್ಯೆಗಳನ್ನು ಮಾತ್ರ ಎರಡೂ ಕಡೆ ಇಟ್ಟುಕೊಂಡರೆ ಅದಕ್ಕೆ ಇನ್ವರ್ಸ್ ಇದೆ, ಅದೇ ವರ್ಗಮೂಲ. ಸೈನ್ ಇನ್ವರ್ಸ್ ಎಂದು ಮುಂದಿನ ಅಧ್ಯಾಯದಲ್ಲಿ ಬರುವುದೂ −90 ಡಿಗ್ರಿಯಿಂದ 90 ಡಿಗ್ರಿಯ ನಡುವೆ ಡೊಮೈನನ್ನು ಕತ್ತರಿಸಿಕೊಂಡ ಮೇಲೆಯೇ.

ಮೂರು ರಾಗ, ಒಂದು ಸಂಖ್ಯೆ

ಮೇಳಕರ್ತಕ್ಕೆ ಮರಳೋಣ, ಯಾಕೆಂದರೆ ಅಲ್ಲಿ ನಿಜವಾದ ಸಂಕಟ ಈಗ ಶುರುವಾಗುತ್ತದೆ. ಒತ್ತಕ್ಷರ ಬಂದರೆ ಯಾವ ವ್ಯಂಜನ ಎಣಿಸಬೇಕು? ಕಟಪಯಾದಿಯ ಸಾಮಾನ್ಯ ನಿಯಮದ ಪ್ರಕಾರ ಸ್ವರಕ್ಕೆ ತಾಗಿರುವ ಕೊನೆಯ ವ್ಯಂಜನವನ್ನು. ರತ್ನಾಂಗಿಯಲ್ಲಿ ರ 2, ತ್ನಾ-ದಲ್ಲಿ ನ 0, 02, ಸರಿ. ಸೂರ್ಯಕಾಂತದಲ್ಲಿ ಸೂ 7, ರ್ಯ-ದಲ್ಲಿ ಯ 1, 17, ಸರಿ. ಧರ್ಮವತಿಯಲ್ಲಿ ಧ 9, ರ್ಮ-ದಲ್ಲಿ ಮ 5, 59, ಸರಿ.

ಚಕ್ರವಾಕಕ್ಕೆ ಇದೇ ನಿಯಮ ಹಾಕಿ. ಚ 6, ಕ್ರ-ದಲ್ಲಿ ರ 2, 26. ಆದರೆ 26 ಚಾರುಕೇಶಿಯದು, ಚಕ್ರವಾಕ 16ನೆಯ ಮೇಳ. ಚಿತ್ರಾಂಬರಿಗೆ ಹಾಕಿ. ಚಿ 6, ತ್ರಾ-ದಲ್ಲಿ ರ 2; ಮತ್ತೆ 26! ಅದರ ನಿಜವಾದ ಸಂಖ್ಯೆ 66. ಮೂರು ಮೇಳಗಳು ಒಂದೇ ಸಂಖ್ಯೆಯ ಮೇಲೆ ಬಂದು ನಿಂತವು. ದಿವ್ಯಮಣಿ 48ರ ಬದಲು 18 ಆಗಿ ಹಾಟಕಾಂಬರಿಗೆ ತಾಗುತ್ತದೆ. ವಿಶ್ವಂಭರಿ 54ರ ಬದಲು 44 ಆಗಿ ಭವಪ್ರಿಯಕ್ಕೆ, ಶ್ಯಾಮಲಾಂಗಿ 55ರ ಬದಲು 51 ಆಗಿ ಕಾಮವರ್ಧನಿಗೆ, ಜ್ಯೋತಿಸ್ವರೂಪಿಣಿ 68ರ ಬದಲು 61 ಆಗಿ ಕಾಂತಾಮಣಿಗೆ ತಾಗುತ್ತವೆ. ಸಿಂಹೇಂದ್ರಮಧ್ಯಮದ ಕಥೆ ಇನ್ನೂ ಬೇರೆ. ಅನುಸ್ವಾರವನ್ನು ಎಣಿಸದೆ ಸಿ 7, ಹೇ 8 ಎಂದರೆ 87 ಬರುತ್ತದೆ, ಅಂಥ ಮೇಳವೇ ಇಲ್ಲ. ಅಲ್ಲಿ ಬಿಂದುವನ್ನು ಮ ಎಂದು ಹಿಡಿದು 5 ಎಂದು ಎಣಿಸಿದರೆ ಮಾತ್ರ 57.

ಹಾಗಾದರೆ ಒತ್ತಕ್ಷರದಲ್ಲಿ ಮೊದಲ ವ್ಯಂಜನವನ್ನೇ ಎಣಿಸೋಣ ಎಂದರೆ? ಚಕ್ರವಾಕ, ಚಿತ್ರಾಂಬರಿಗಳು ನೆಟ್ಟಗಾಗುತ್ತವೆ. ಆದರೆ ರತ್ನಾಂಗಿ 62 ಆಗಿ ರಿಷಭಪ್ರಿಯದ ಮೇಲೆ, ಸೂರ್ಯಕಾಂತ 27 ಆಗಿ ಸರಸಾಂಗಿಯ ಮೇಲೆ, ಧರ್ಮವತಿ 29 ಆಗಿ ನಮ್ಮ ಧೀರಶಂಕರಾಭರಣದ ಮೇಲೆಯೇ ಬೀಳುತ್ತದೆ. ಎರಡು ನಿಯಮಗಳಲ್ಲಿ ಯಾವುದೊಂದನ್ನೂ ಎಲ್ಲ ಹೆಸರಿಗೂ ಸಮನಾಗಿ ಹಾಕಲು ಬರುವುದಿಲ್ಲ. ಗುರುಗಳು ಅದಕ್ಕೇ ಈ ಕೆಲವು ಹೆಸರುಗಳನ್ನು ಅಪವಾದ ಎಂದು ಬೇರೆಯಾಗಿ ಹೇಳಿಕೊಡುತ್ತಾರೆ.

ಇದರಿಂದ ಫಂಕ್ಷನ್ ಕೆಟ್ಟಿತೇ? ಇಲ್ಲ. ಜರ್ಮನಿಯ ಡಿರಿಕ್ಲೆ 1837ರಲ್ಲೇ ಸ್ಪಷ್ಟಪಡಿಸಿದಂತೆ, ಫಂಕ್ಷನ್ ಆಗಲು ಆದ್ಯಂತ ಒಂದೇ ನಿಯಮ ಇರಬೇಕಾಗಿಲ್ಲ. ಪ್ರತಿ ಸದಸ್ಯಕ್ಕೂ ನಿಶ್ಚಿತವಾದ ಒಂದು ಉತ್ತರ ಇದ್ದರೆ ಸಾಕು. 72 ಹೆಸರುಗಳು, ಅವುಗಳ ಎದುರಿಗೆ 72 ಸಂಖ್ಯೆಗಳು. ಆ ಪಟ್ಟಿಯೇ ಫಂಕ್ಷನ್. ಕಟಪಯಾದಿ ಅದನ್ನು ನೆನಪಿಡುವ ಉಪಾಯ, ಬಹುಪಾಲು ಹೆಸರುಗಳಿಗೆ ಕೆಲಸ ಮಾಡುವ ಉಪಾಯ.

ಆ ತಪ್ಪು ಲೆಕ್ಕದಲ್ಲೇ ಒಂದು ಸೊಗಸಾದ ಸತ್ಯವೂ ಅಡಗಿದೆ. ಕೊನೆಯ ವ್ಯಂಜನದ ನಿಯಮವನ್ನು ಹಠ ಹಿಡಿದು ಎಲ್ಲಕ್ಕೂ ಹಾಕಿದಾಗ 16, 48, 54, 55, 57, 66, 68 ಈ ಏಳು ಸಂಖ್ಯೆಗಳು ಖಾಲಿ ಬೀಳುತ್ತವೆ; 57 ಖಾಲಿಯಾಗುವುದು 87 ಪಟ್ಟಿಯ ಹೊರಗೆ ಬೀಳುವುದರಿಂದ, ಉಳಿದ ಆರು ಡಿಕ್ಕಿಯಿಂದ. ಡಿಕ್ಕಿಯೂ ಖಾಲಿಯೂ ಒಟ್ಟಿಗೇ ಬಂದದ್ದು ಆಕಸ್ಮಿಕವಲ್ಲ. ಎರಡು ಸೀಮಿತ ಗಣಗಳಲ್ಲಿ ಸದಸ್ಯರ ಸಂಖ್ಯೆ ಸಮನಾಗಿದ್ದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಫಂಕ್ಷನ್ ಒನ್-ಒನ್ ಆದರೆ ಆನ್‌ಟು ಆಗಲೇಬೇಕು, ಆನ್‌ಟು ಆದರೆ ಒನ್-ಒನ್ ಆಗಲೇಬೇಕು. ಇಬ್ಬರು ಒಂದೇ ಜಾಗಕ್ಕೆ ಹೋದರೆ ಎಲ್ಲೋ ಒಂದು ಜಾಗ ಉಳಿದೇ ಉಳಿಯುತ್ತದೆ. ಅಲ್ಲಿ ಅರ್ಧ ಸಾಧಿಸಿದರೆ ಇನ್ನರ್ಧ ತಾನೇ ಸಿಗುತ್ತದೆ.

ಅನಂತ ಗಣಗಳಲ್ಲಿ ಈ ರಿಯಾಯಿತಿ ಇಲ್ಲ. ಸ್ವಾಭಾವಿಕ ಸಂಖ್ಯೆಗಳಿಗೆ ತಲಾ 1 ಕೂಡಿಸುತ್ತ ಹೋದರೆ ಯಾವ ಡಿಕ್ಕಿಯೂ ಇಲ್ಲ, ಆದರೂ 1 ಎಂಬ ಸಂಖ್ಯೆ ಖಾಲಿ ಉಳಿಯುತ್ತದೆ. 1638ರಲ್ಲಿ ಪ್ರಕಟವಾದ ಗೆಲಿಲಿಯೋನ ಗ್ರಂಥದಲ್ಲಿ ಪ್ರತಿ ಸಂಖ್ಯೆಗೂ ಅದರ ವರ್ಗವನ್ನು ಜೋಡಿ ಮಾಡಿ ಈ ವಿಚಿತ್ರವನ್ನು ಚರ್ಚಿಸಲಾಗಿದೆ. ವರ್ಗಸಂಖ್ಯೆಗಳು ಎಲ್ಲ ಸಂಖ್ಯೆಗಳಲ್ಲಿ ಒಂದು ಭಾಗ ಮಾತ್ರ, ಆದರೂ ಒಂದಕ್ಕೊಂದು ಸರಿಯಾಗಿ ಹೊಂದುತ್ತವೆ. ಪಿಯು ಪುಸ್ತಕ ಎರಡೂ ಸಾಧನೆಗಳನ್ನು ಬೇರೆ ಬೇರೆ ಕೇಳುವುದು ಇದಕ್ಕಾಗಿಯೇ.

ಸಂಖ್ಯೆಯಿಂದ ಸ್ವರಕ್ಕೆ

ಹೆಸರಿಗಿಂತ ಆಳವಾದ ಫಂಕ್ಷನ್ ಸಂಖ್ಯೆಯಿಂದ ಸ್ವರಗಳಿಗೆ ಹೋಗುವುದು. ಇದರ ಹಿಂದಿರುವವರು ವೆಂಕಟಮಖಿ. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ. 17ನೆಯ ಶತಮಾನದ ನಡುವಿನಲ್ಲಿ ಬರೆದ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಅವರು ಇರಬಹುದಾದ ಮೇಳಗಳನ್ನೆಲ್ಲ ಎಣಿಸಿ, ಒಟ್ಟು 72 ಎಂದರು. ಹಣೆಗಣ್ಣಿನ ದೇವರೇ ಬಂದರೂ ಇದಕ್ಕೆ ಒಂದನ್ನು ಕೂಡಿಸಲಾರ, ಕಳೆಯಲಾರ ಎಂಬ ಅರ್ಥದ ಧೈರ್ಯದ ಮಾತನ್ನೂ ಆಡಿದರು. ಅವರಿಗಿಂತ ನೂರು ವರ್ಷ ಮೊದಲು, 1550ರಲ್ಲಿ, ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯಲ್ಲಿ ಬಳಕೆಯಲ್ಲಿದ್ದ ಮೇಳಗಳನ್ನು ವರ್ಗೀಕರಿಸಿದ್ದ. ವೆಂಕಟಮಖಿ ಮಾಡಿದ್ದು ಬೇರೆ ಕೆಲಸ. ಇರುವುದನ್ನು ಪಟ್ಟಿ ಮಾಡದೆ, ಇರಬಹುದಾದದ್ದನ್ನೆಲ್ಲ ಎಣಿಸಿದರು.

ಅದರ ರಚನೆ ಹೀಗಿದೆ. ಷಡ್ಜ, ಪಂಚಮ ಸ್ಥಿರ. ಮಧ್ಯಮ ಎರಡು ಬಗೆ: ಶುದ್ಧ, ಪ್ರತಿ. ಪೂರ್ವಾಂಗದಲ್ಲಿ ರಿಷಭ-ಗಾಂಧಾರ ಜೋಡಿಗಳು ಆರು: ರಿ1ಗ1, ರಿ1ಗ2, ರಿ1ಗ3, ರಿ2ಗ2, ರಿ2ಗ3, ರಿ3ಗ3. ಉತ್ತರಾಂಗದಲ್ಲಿ ಧೈವತ-ನಿಷಾದಕ್ಕೂ ಅಂಥವೇ ಆರು. 2 × 6 × 6 = 72. ಈ ಮೂರು ಆಯ್ಕೆಗಳಿಗೆ ಸೊನ್ನೆಯಿಂದ ಎಣಿಸಿ ಗುರುತು ಹಾಕೋಣ: ಮಧ್ಯಮಕ್ಕೆ ಮ (0 ಅಥವಾ 1), ಪೂರ್ವಾಂಗಕ್ಕೆ ಪ (0ರಿಂದ 5), ಉತ್ತರಾಂಗಕ್ಕೆ ತ (0ರಿಂದ 5). ಆಗ ಮೇಳದ ಸಂಖ್ಯೆ 36ಮ + 6ಪ + ತ + 1.

ಇದು ಒನ್-ಒನ್ ಎಂದು ಸಾಧಿಸುವುದು ಎಷ್ಟು ಚೆಂದ ನೋಡಿ. ಎರಡು ಮೇಳಗಳಿಗೆ ಒಂದೇ ಸಂಖ್ಯೆ ಬಂತು ಎಂದುಕೊಳ್ಳಿ. ಅವುಗಳ ಮಧ್ಯಮ ಬೇರೆಯಾಗಿದ್ದರೆ ಅಲ್ಲೇ 36ರ ಅಂತರ ಬಿತ್ತು. ಅದನ್ನು ಉಳಿದೆರಡು ಆಯ್ಕೆಗಳು ತುಂಬಿಕೊಡಬೇಕು. ಆದರೆ 6ಪ + ತ ಎಂದಿಗೂ 35 ಮೀರುವುದಿಲ್ಲ, 36ರ ಕಂದಕ ತುಂಬಲು ಅದರಿಂದಾಗದು. ಆದ್ದರಿಂದ ಮಧ್ಯಮ ಒಂದೇ. ಪೂರ್ವಾಂಗ ಬೇರೆಯಾಗಿದ್ದರೆ ಕನಿಷ್ಠ 6ರ ಅಂತರ, ಉತ್ತರಾಂಗ ತುಂಬಬಲ್ಲದ್ದು ಹೆಚ್ಚೆಂದರೆ 5. ಆದ್ದರಿಂದ ಪೂರ್ವಾಂಗವೂ ಒಂದೇ, ಹಾಗಾದ ಮೇಲೆ ಉತ್ತರಾಂಗವೂ ಒಂದೇ. ಎರಡು ಎಂದುಕೊಂಡ ಮೇಳಗಳು ಒಂದೇ ಮೇಳ.

ಎರಡೂ ಕಡೆ 72 ಇರುವುದರಿಂದ ಆನ್‌ಟು ತಾನೇ ಬಂತು. ಆದರೂ ನೇರವಾಗಿ ತೋರಿಸುವುದು ಲಾಭ, ಇನ್ವರ್ಸ್ ಕೈಗೆ ಸಿಗುತ್ತದೆ. ಮೇಳದ ಸಂಖ್ಯೆಯಿಂದ 1 ಕಳೆಯಿರಿ. 36ರಿಂದ ಭಾಗಿಸಿ, ಭಾಗಲಬ್ಧ ಮಧ್ಯಮ ಹೇಳುತ್ತದೆ. ಶೇಷವನ್ನು 6ರಿಂದ ಭಾಗಿಸಿ. ಭಾಗಲಬ್ಧ ಪೂರ್ವಾಂಗ, ಉಳಿದದ್ದು ಉತ್ತರಾಂಗ. 29ರಿಂದ 1 ಕಳೆದರೆ 28. 36 ಅದರಲ್ಲಿ ಹೋಗುವುದಿಲ್ಲ, ಶುದ್ಧ ಮಧ್ಯಮ. 28ರಲ್ಲಿ 6 ನಾಲ್ಕು ಸಲ, ಶೇಷ 4. ಸೊನ್ನೆಯಿಂದ ಎಣಿಸಿದರೆ 4 ಎಂಬುದು ರಿ2ಗ3, ದ2ನಿ3. ಧೀರಶಂಕರಾಭರಣದ ಸ್ವರಗಳು ಅವೇ. ಅದಕ್ಕೆ 36 ಕೂಡಿಸಿದರೆ 65, ಮೇಚಕಲ್ಯಾಣಿ. ಮಧ್ಯಮ ಮಾತ್ರ ಪ್ರತಿಯಾಯಿತು.

ಇಲ್ಲೊಂದು ಸೂಕ್ಷ್ಮ ಬಿಟ್ಟರೆ ತಪ್ಪಾಗುತ್ತದೆ. ಸ್ವರದ ಹೆಸರುಗಳು 16, ಸ್ಥಾಯಿಯೊಂದರಲ್ಲಿ ಹಾರ್ಮೋನಿಯಂ ಮನೆಗಳು 12. ಚತುಶ್ರುತಿ ರಿಷಭವೂ (ರಿ2) ಶುದ್ಧ ಗಾಂಧಾರವೂ (ಗ1) ಒಂದೇ ಮನೆ. ಷಟ್‌ಶ್ರುತಿ ರಿಷಭವೂ ಸಾಧಾರಣ ಗಾಂಧಾರವೂ (ರಿ3, ಗ2) ಹಾಗೆಯೇ. ಹೆಸರಿನಿಂದ ಮನೆಗೆ ಹೋಗುವ ಫಂಕ್ಷನ್ ಒನ್-ಒನ್ ಅಲ್ಲ. ಹಾಗಿದ್ದರೆ ಹೆಸರಿನಲ್ಲಿ ಬೇರೆಯಾದ ಎರಡು ಮೇಳಗಳು ನುಡಿಸುವಾಗ ಒಂದೇ ಆಗಿಬಿಡಬಹುದೇ? ಆಗುವುದಿಲ್ಲ. ಷಡ್ಜ ಮತ್ತು ಶುದ್ಧ ಮಧ್ಯಮದ ನಡುವೆ ಮನೆಗಳು ನಾಲ್ಕು. ಅವುಗಳಲ್ಲಿ ಯಾವ ಎರಡನ್ನು ಒತ್ತಿದರೂ ಕೆಳಗಿನದೇ ರಿಷಭ, ಮೇಲಿನದೇ ಗಾಂಧಾರ. ಮನೆಗಳಿಂದ ಹೆಸರಿಗೆ ಮರಳುವ ದಾರಿ ಸಿಕ್ಕಿತು, ಅದೇ ಒನ್-ಒನ್‌ನ ಸಾಕ್ಷಿ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಆರು. ಜೋಡಿಗಳು ಒಂಬತ್ತಾಗದೆ ಆರೇ ಆಗಿದ್ದೂ ಇದಕ್ಕೇ.

ಈಗ ಕೋಡೊಮೈನನ್ನು ಹಿಗ್ಗಿಸಿ. ಷಡ್ಜ, ಪಂಚಮ ಇಟ್ಟುಕೊಂಡು ಉಳಿದ 10 ಮನೆಗಳಲ್ಲಿ ಯಾವ ಐದನ್ನಾದರೂ ಆರಿಸಬಹುದು ಎಂದರೆ 252 ಬಗೆ. ಅವುಗಳಲ್ಲಿ ಮೇಳವಾಗುವುದು 72 ಮಾತ್ರ. ಎರಡೂ ಮಧ್ಯಮ ಇರುವಂಥವು, ರಿಷಭ-ಗಾಂಧಾರಗಳ ಜಾಗದಲ್ಲಿ ಮೂರು ಮನೆ ಹಿಡಿದಂಥವು ಹೊರಗೆ ಉಳಿಯುತ್ತವೆ. ವೆಂಕಟಮಖಿಯ ಮಾತು 72ರ ಗಣದೊಳಗೆ ಅಲುಗಾಡದ ಸತ್ಯ. 252ರ ಗಣದೆದುರು ಅದೇ ಫಂಕ್ಷನ್ ಒನ್-ಒನ್ ಆಗಿಯೇ ಉಳಿಯುತ್ತದೆ, ಆನ್‌ಟು ಆಗುವುದಿಲ್ಲ. ಶಿವನಿಗೂ ಒಂದು ಕೂಡಿಸಲಾಗದು ಎಂಬ ಮಾತಿನ ಬಲವೆಲ್ಲ ಆ ಗಣದ ಗಡಿಯಲ್ಲಿದೆ.

ಹಿಂದೂಸ್ತಾನಿ ಸಂಗೀತದ ರಾಗಗಳನ್ನು ವರ್ಗೀಕರಿಸಿದ ಭಾತಖಂಡೆಯವರ ಹತ್ತು ಥಾಟ್‌ಗಳನ್ನೂ ಇದೇ ಕಣ್ಣಿನಿಂದ ನೋಡಬಹುದು. ಬಿಲಾವಲ್ 29ಕ್ಕೆ, ಕಲ್ಯಾಣ್ 65ಕ್ಕೆ, ಖಮಾಜ್ 28ಕ್ಕೆ, ಭೈರವ್ 15ಕ್ಕೆ, ಕಾಫಿ 22ಕ್ಕೆ ಹೀಗೆ ಹತ್ತೂ ಬೇರೆ ಬೇರೆ ಮೇಳಗಳಿಗೆ ಹೊಂದುತ್ತವೆ. ಒನ್-ಒನ್ ಹೌದು, ಆನ್‌ಟು ಅಲ್ಲ. ಧಾರವಾಡದ ಗಾಯಕರೂ ಮೈಸೂರಿನ ವೈಣಿಕರೂ ಒಟ್ಟಿಗೆ ಕುಳಿತು ಮಾತಾಡುವ ನಮ್ಮ ನಾಡಿನಲ್ಲಿ ಈ ಫಂಕ್ಷನ್ ನಿತ್ಯ ಉಪಯೋಗಕ್ಕೆ ಬರುತ್ತದೆ, ಹೆಸರಿನ ಮೋಸಕ್ಕೆ ಬೀಳಬಾರದಷ್ಟೆ. ಹಿಂದೂಸ್ತಾನಿಯ ತೋಡಿ ಥಾಟ್ ಹೋಗುವುದು 45ನೆಯ ಶುಭಪಂತುವರಾಳಿಗೆ; ನಮ್ಮ ತೋಡಿಗೆ, ಅಂದರೆ 8ಕ್ಕೆ, ಬರುವುದು ಅವರ ಭೈರವಿ.

ಸರಪಳಿ

ಹೆಸರಿನಿಂದ ಸಂಖ್ಯೆಗೆ ಹೋಗುವ ಫಂಕ್ಷನ್ನನ್ನು ‘ಎಣಿಕೆ’ ಎನ್ನೋಣ, ಸಂಖ್ಯೆಯಿಂದ ಸ್ವರಗಳಿಗೆ ಹೋಗುವುದನ್ನು ‘ಬಿಡಿಕೆ’ ಎನ್ನೋಣ. ಒಂದಾದ ಮೇಲೊಂದು ಮಾಡಿದರೆ ಹೆಸರಿನಿಂದ ಸ್ವರಕ್ಕೆ. ಇದೇ ಕಾಂಪೊಸಿಷನ್. ಬರೆಯುವಾಗ ಬಿಡಿಕೆ∘ಎಣಿಕೆ ಎಂದು ಬರೆಯುತ್ತಾರೆ. ಮೊದಲು ಮಾಡುವುದು ಬಲಗಡೆ ಇರುತ್ತದೆ. ಕಟಪಯಾದಿ ಓದಿದವರಿಗೆ ಬಲದಿಂದ ಎಡಕ್ಕೆ ಹೋಗುವುದು ಹೊಸತಲ್ಲ.

ಕ್ರಮ ಬದಲಾಯಿಸಿದರೆ ಅರ್ಥ ಬದಲಾಗುತ್ತದೆ, ಕೆಲವೊಮ್ಮೆ ಅರ್ಥವೇ ಇರುವುದಿಲ್ಲ. ಸ್ವರಗಳನ್ನು ಎಣಿಕೆಗೆ ಕೊಡಲಾಗದು, ಅದು ಹೆಸರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸಂಖ್ಯೆಗಳಲ್ಲಾದರೆ 4ರಿಂದ ಗುಣಿಸಿ 3 ಕೂಡಿಸಿದರೆ 4ಅ + 3; ಮೊದಲು ಕೂಡಿಸಿ ಆಮೇಲೆ ಗುಣಿಸಿದರೆ 4ಅ + 12. ಹಿಂದಿರುಗುವಾಗಲೂ ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚಬೇಕು. ಹಾಗಾಗಿ 4ಅ + 3ರ ಇನ್ವರ್ಸ್‌ನಲ್ಲಿ ಮೊದಲು 3 ಕಳೆಯುವುದು, ನಂತರ 4ರಿಂದ ಭಾಗಿಸುವುದು. ಸ್ವರ ಕೇಳಿ ಮೇಳದ ಹೆಸರು ಹೇಳುವ ವಿದ್ಯಾರ್ಥಿಯೂ ಮೊದಲು ಬಿಡಿಕೆಯನ್ನು ಹಿಂದಕ್ಕೆ ತಿರುಗಿಸಿ ಸಂಖ್ಯೆ ಪಡೆಯುತ್ತಾನೆ, ಬಳಿಕ ಎಣಿಕೆಯನ್ನು.

ಸರಪಳಿಯ ಎರಡೂ ಕೊಂಡಿ ಒನ್-ಒನ್ ಆಗಿದ್ದರೆ ಸರಪಳಿಯೂ ಒನ್-ಒನ್. ಇದು ಸುಲಭ. ತಿರುಗಾಮುರುಗಾ ಕೇಳಿದಾಗ ವಿಷಯ ರಂಗೇರುತ್ತದೆ. ಸರಪಳಿ ಒನ್-ಒನ್ ಆಗಿದ್ದರೆ ಕೊಂಡಿಗಳ ಬಗ್ಗೆ ಏನು ಹೇಳಬಹುದು? ಮೊದಲ ಕೊಂಡಿ ಒನ್-ಒನ್ ಆಗಿರಲೇಬೇಕು. ಅಲ್ಲಿಯೇ ಇಬ್ಬರು ಒಂದಾಗಿಬಿಟ್ಟರೆ ಮುಂದಿನ ಯಾವ ಕೊಂಡಿಯೂ ಅವರನ್ನು ಬೇರ್ಪಡಿಸಲಾರದು. ಎರಡನೆಯ ಕೊಂಡಿ ಒನ್-ಒನ್ ಆಗಿರಬೇಕಾಗಿಲ್ಲ. ಅಕ್ಷರದಿಂದ ಅಂಕೆಗೆ ಹೋಗುವ ಕಟಪಯಾದಿ ಒನ್-ಒನ್ ಅಲ್ಲದಿದ್ದರೂ ಹೆಸರಿನಿಂದ ಸಂಖ್ಯೆಗೆ ಹೋಗುವ ಇಡೀ ಸರಪಳಿ ಒನ್-ಒನ್ ಆಗಿರುವುದು ಹೀಗೆ. ಅಪವಾದಗಳನ್ನು ಅವುಗಳ ರೀತಿಯಲ್ಲೇ ಎಣಿಸಿದರೆ, 72 ಹೆಸರುಗಳ ಮೊದಲ ಅಕ್ಷರಜೋಡಿಗಳಲ್ಲಿ ಯಾವ ಎರಡೂ ಒಂದೇ ಸಂಖ್ಯೆ ಕೊಡುವುದಿಲ್ಲ, ಅಷ್ಟೆ. ಆನ್‌ಟುವಿಗೆ ಇದರ ಉಲ್ಟಾ: ಸರಪಳಿ ಆನ್‌ಟು ಆದರೆ ಕೊನೆಯ ಕೊಂಡಿ ಆನ್‌ಟು ಆಗಿರಲೇಬೇಕು, ಮೊದಲನೆಯದು ಆಗಿರಬೇಕೆಂದಿಲ್ಲ.

ಮೇಳಗಳಿಗೆ ಹೆಸರಿನ ಪಟ್ಟಿ ಒಂದೇ ಅಲ್ಲ, ಎರಡಿವೆ. ಕನಕಾಂಗಿಯಿಂದ ಶುರುವಾಗುವ, ಇಂದು ಹೆಚ್ಚು ಬಳಕೆಯ ಪಟ್ಟಿ ಗೋವಿಂದಾಚಾರ್ಯರ ‘ಸಂಗ್ರಹಚೂಡಾಮಣಿ’ಯ ಪರಂಪರೆಯದು. ಕನಕಾಂಬರಿಯಿಂದ ಶುರುವಾಗುವ ಇನ್ನೊಂದನ್ನು ಮುತ್ತುಸ್ವಾಮಿ ದೀಕ್ಷಿತರ ಪರಂಪರೆ ಅನುಸರಿಸಿತು. 1904ರಲ್ಲಿ ಹೊರಬಂದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಅದನ್ನು ಕಾಣಬಹುದು. ಎರಡು ಪದ್ಧತಿಗಳಲ್ಲಿ ಆರೋಹಣ-ಅವರೋಹಣದ ನಡೆ ಬೇರೆಯಾಗಬಹುದು, ಮೇಳಸಂಖ್ಯೆ ಮಾತ್ರ ಒಂದೇ. ಹೀಗಾಗಿ ಒಂದರ ಎಣಿಕೆಯಲ್ಲಿ ಮುಂದೆ ಹೋಗಿ ಇನ್ನೊಂದರ ಎಣಿಕೆಯಲ್ಲಿ ಹಿಂದೆ ಬಂದರೆ ಅನುವಾದವಾಗುತ್ತದೆ. ಹನುಮತೋಡಿ 8ಕ್ಕೆ, 8ರಿಂದ ಜನತೋಡಿಗೆ. ಮೇಚಕಲ್ಯಾಣಿ 65ಕ್ಕೆ, ಅಲ್ಲಿಂದ ಶಾಂತಕಲ್ಯಾಣಿಗೆ. ಕಾಮವರ್ಧನಿ 51ಕ್ಕೆ, ಅಲ್ಲಿಂದ ಕಾಶೀರಾಮಕ್ರಿಯಕ್ಕೆ. ಖರಹರಪ್ರಿಯ 22ಕ್ಕೆ, ಅಲ್ಲಿಂದ ಶ್ರೀರಾಗಕ್ಕೆ: ಶ್ರೀ-ಯಲ್ಲಿ ರ 2, ರಾ 2. ಎರಡು ಫಂಕ್ಷನ್‌ಗಳೂ ಇನ್ವರ್ಸ್ ಉಳ್ಳವು ಎಂಬ ಒಂದೇ ಕಾರಣಕ್ಕೆ ಎರಡು ಪರಂಪರೆಗಳು ತಪ್ಪಿಲ್ಲದೆ ಮಾತಾಡಿಕೊಳ್ಳಬಹುದು.

ಕೊನೆಗೆ ಇನ್ವರ್ಸ್ ಇಲ್ಲದ ಒಂದು ಫಂಕ್ಷನ್. ಮೇಳರಾಗಗಳಲ್ಲಿ ರಚನೆಯಾದ ಪ್ರತಿ ಕೃತಿಗೂ ಅದರ ಮೇಳವನ್ನು ಗೊತ್ತುಮಾಡಿ. ಒಂದು ರಾಗದಲ್ಲಿ ಅನೇಕ ಕೃತಿಗಳಿರುವುದರಿಂದ ಇದು ಒನ್-ಒನ್ ಆಗುವ ಪ್ರಶ್ನೆಯೇ ಇಲ್ಲ. ಆನ್‌ಟು ಆಗಿತ್ತೇ? ವೆಂಕಟಮಖಿಯ ಕಾಲದಲ್ಲಿ ಅಲ್ಲ. 72ರಲ್ಲಿ ಬಳಕೆಯಲ್ಲಿದ್ದವು 19 ಎಂದು ಅವರೇ ವಿವರಿಸಿದ್ದಾರೆ, ಉಳಿದವು ನಾದ ಕಾಣದೆ ಕಾದಿದ್ದವು. ಮಹಾವೈದ್ಯನಾಥ ಅಯ್ಯರ್ ಮೇಳರಾಗಮಾಲಿಕೆಯಲ್ಲಿ 72ನ್ನೂ ಒಂದೇ ರಚನೆಯೊಳಗೆ ಹೆಣೆದರು. ಕೋಟೀಶ್ವರ ಅಯ್ಯರ್ ತಮಿಳಿನಲ್ಲಿ ಪ್ರತಿ ಮೇಳಕ್ಕೂ ಒಂದು ಕೃತಿ ರಚಿಸಿದರು. ಬಾಲಮುರಳಿಕೃಷ್ಣ ಎಳೆಯ ವಯಸ್ಸಿನಲ್ಲೇ ಅದೇ ಕೆಲಸ ಮಾಡಿದರು. ಖಾಲಿ ಮನೆಗಳೆಲ್ಲ ತುಂಬಿದವು, ಫಂಕ್ಷನ್ ಆನ್‌ಟು ಆಯಿತು.

ಆನ್‌ಟು ಆದ ಫಂಕ್ಷನ್‌ಗೆ ಪೂರ್ತಿ ಇನ್ವರ್ಸ್ ಇಲ್ಲದಿದ್ದರೂ ಅರ್ಧ ದಾರಿ ಇರುತ್ತದೆ. ಕೋಟೀಶ್ವರ ಅಯ್ಯರ್ ಅವರ ಕೃತಿಗುಚ್ಛ ಅಂಥ ದಾರಿ. 22 ಎಂಬ ಸಂಖ್ಯೆಯಿಂದ ಅವರ ಖರಹರಪ್ರಿಯದ ಕೃತಿಗೆ ಹೋಗಿ, ಆ ಕೃತಿಯ ಮೇಳ ಕೇಳಿದರೆ ಮತ್ತೆ 22. ಮೇಳದಿಂದ ಹೊರಟವರು ತಪ್ಪದೆ ಮರಳುತ್ತಾರೆ. ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದರಿಂದ ಹೊರಟು 22ಕ್ಕೆ ಬಂದು, ಅದೇ ದಾರಿ ಹಿಡಿದು ಹಿಂದಿರುಗಿದರೆ ಮಾತ್ರ ಕೈಗೆ ಸಿಗುವುದು ಕೋಟೀಶ್ವರ ಅಯ್ಯರ್ ಅವರ ಕೃತಿ.